ಹನ್ನೊಂದು ನಿಮಿಷದ ದೋಣಿ ಹಾಡು

ಮೊನ್ನೆ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿರುವ ನಾದಿನಿಯ ಮನೆಗೆ ಹೋದವಳು, ವಾಪಸ್ ಬರುವಾಗ ಹಟ ಹಿಡಿದು ಕಾರನ್ನು ಸ್ಯಾನ್ ಪೆಡ್ರೋ ಬಂದರಿನ ಕಡೆಗೆ ತಿರುಗಿಸಿದೆ. ತಿರುಗಿಸಿದ್ದು ಬಾಯಲ್ಲಿ, ಸ್ಟೀರಿಂಗ್ ಹಿಡಿದವರು ನಮ್ಮವರು, ಸುರೇಶ್. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಮೀನಿನ ವಾಸನೆ ಆಗುವುದಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಗಿದ್ದರೂ ನಾನು ಬಂಗುಡೆ ಹುರಿಯುವ ದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು ಹಿತ್ತಲಿಗೆ ಹೋಗಿ ಕೂರುತ್ತಾರೆ. ಅವತ್ತೂ ಕಾರಿನ ಗಾಜು ಏರಿಸಿಕೊಂಡು, "ನೀನು ಹೋಗಿ ಮೀನು ತಗೊಂಡು ಬಾ ಜಲಜ, ನಾನು ಇಲ್ಲೇ ಇರ್ತೀನಿ" ಅಂದರು.

ಕಟ್ಟೆಯ ಮೇಲೆ ಯಾರೋ ಒದ್ದೆ ಹಗ್ಗವನ್ನು ಸುರುಳಿ ಸುತ್ತಿ ಬಿಸಿಲಿಗೆ ಇಟ್ಟಿದ್ದರು. ಡಾಂಬರು, ಡೀಸೆಲ್, ಪಾಚಿ, ಆರುತ್ತಿರುವ ಉಪ್ಪುನೀರು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, 2021ರ ಆ ವರ್ಷ ಇಡಿಯಾಗಿ ಎದ್ದು ಬಂತು. ಜೊತೆಗೆ ಆ ವರ್ಷದ ಸಿಟ್ಟೂ ಬಂತು. ನಾನು ಸಮಾಧಾನದ ಹೆಂಗಸಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಜಗಳಗಂಟಿ ಅನ್ನುವವರು ಧಾರಾಳವಾಗಿ ಅನ್ನಬಹುದು.

2020 ಪೂರ್ತಿ ನಾನು ಸ್ಯಾನ್ ಡಿಯೇಗೋದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೋವಿಡ್ ಸ್ಯಾಂಪಲ್‌ಗಳ ನಡುವೆ ಕಳೆದೆ. ಮಾತಿಲ್ಲ, ಕತೆಯಿಲ್ಲ, ಮುಖಕ್ಕೆ ಎರಡು ಮಾಸ್ಕು. ಡಿಸೆಂಬರಿನಲ್ಲಿ ರಿಟೈರ್ ಆಗಿ ಮನೆಗೆ ಬಂದರೆ ಅಲ್ಲಿ ಸುರೇಶ್ ಬೆಳಿಗ್ಗೆಯಿಂದ ಸಂಜೆಯವರೆಗೆ ಝೂಮ್‌ನಲ್ಲಿ ಟೆಲಿಕಾಂ ಟವರುಗಳ ಜೊತೆ ಸಂಸಾರ ಮಾಡುತ್ತಿದ್ದರು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಜನವರಿಯ ಒಂದು ಬೆಳಿಗ್ಗೆ ಮಿಷನ್ ಬೇ ದಂಡೆಯಲ್ಲಿ ಒಬ್ಬಳೇ ನಡೆಯುತ್ತಿದ್ದಾಗ ಪಾರ್ಕಿಂಗ್ ಲಾಟಿನಲ್ಲಿ ಏಳೆಂಟು ಜನ ಆರಾರು ಅಡಿ ದೂರ ನಿಂತು, ಉದ್ದದ ಒಂದು ಹಗ್ಗ ಹಿಡಿದುಕೊಂಡು ಹಾಡುತ್ತಿದ್ದದ್ದು ಕಂಡಿತು. ಹಗ್ಗದ ಇನ್ನೊಂದು ತುದಿ ಒಂದು ದೋಣಿಯ ಮೂತಿಗೆ ಕಟ್ಟಿತ್ತು. ಒಬ್ಬ ಮುದುಕ ಎಳೆಯದೆ ಪಕ್ಕದಲ್ಲಿ ನಿಂತು ಒಂದು ಸಾಲು ಹಾಡುತ್ತಿದ್ದ. ಉಳಿದವರು ಉತ್ತರ ಕೊಟ್ಟು ಎಳೆಯುತ್ತಿದ್ದರು. ದೋಣಿ ಮರಳಿನ ಮೇಲೆ ಒಂದೊಂದೇ ಗೇಣು ಮೇಲೆ ಬರುತ್ತಿತ್ತು.

ನನ್ನ ಕಾಲು ಅಲ್ಲೇ ನಿಂತಿತು. ಮಲ್ಪೆಯ ಹತ್ತಿರದ ನಮ್ಮ ಊರಿನಲ್ಲಿ ನಾನು ಸಣ್ಣವಳಿದ್ದಾಗ ರಂಪಣಿ ಬಲೆ ಎಳೆಯುತ್ತಿದ್ದದ್ದು ಹೀಗೆಯೇ. ದೋಣಿಯವರು ದೊಡ್ಡ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಇಳಿಸಿ ಬಂದ ಮೇಲೆ, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತ ನಲವತ್ತು ಐವತ್ತು ಜನ ಎಳೆಯಬೇಕು. ನನ್ನ ದೊಡ್ಡಪ್ಪ ಹಗ್ಗ ಮುಟ್ಟುತ್ತಿರಲಿಲ್ಲ. ಬದಿಯಲ್ಲಿ ನಿಂತು ಕೂಗು ಹಾಕುತ್ತಿದ್ದರು. ಅವರ ಕೂಗಿಗೆ ಎಲ್ಲರೂ "ಐಸಾ" ಅಂತ ಎಳೆಯುವುದು. ಅರುವತ್ತು ವರ್ಷ ದಾಟಿದ ನಾನು ಆ ಪಾರ್ಕಿಂಗ್ ಲಾಟಿನಲ್ಲಿ, ಯಾರೂ ಕರೆಯದೆ, ಹಗ್ಗದ ಬಾಲಕ್ಕೆ ಹೋಗಿ ಕೈ ಹಾಕಿದೆ. ಮುದುಕ ಒಮ್ಮೆ ನನ್ನ ಚಪ್ಪಲಿ ನೋಡಿ, ಒಮ್ಮೆ ಮುಖ ನೋಡಿ, ಮುಂದಿನ ಸಾಲು ಹಾಡಿದ.

ಅವರ ಹೆಸರು ಕ್ಯಾಲಮ್. ಸ್ಕಾಟ್ಲೆಂಡಿನ ಪಡುವಣದ ಒಂದು ದ್ವೀಪದವರು, ಆಗ ಎಪ್ಪತ್ತೊಂಬತ್ತು ವರ್ಷ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ರಿಟೈರ್ ಆದವರು. ಹಡಗಿನ ಹಾಯಿ ಎಳೆಯುವಾಗ ಹಾಡುವ ಶಾಂಟಿಗಳನ್ನೂ, ಅವರ ಗೇಲಿಕ್ ಭಾಷೆಯಲ್ಲಿ ಇಯೊರಮ್ ಎನ್ನುವ ಹುಟ್ಟು ಹಾಕುವ ಹಾಡುಗಳನ್ನೂ ಅವರು ವಾರಕ್ಕೆರಡು ದಿನ ಕಲಿಸುತ್ತಿದ್ದರು. ಕಲಿಸುವುದು ಎಂದರೆ ಪುಸ್ತಕವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಆರು ಹುಟ್ಟಿನ ಆ ಮರದ ದೋಣಿಯನ್ನು ನೀರಿಗೆ ಇಳಿಸಿ ಕೂರಿಸುವುದು, ತಪ್ಪಿದರೆ ಬೈಯುವುದು. ಹುಟ್ಟನ್ನು ನೀರಿಗೆ ಹಾಕಿ ಎಳೆಯುವಾಗ ಹಾಡಿನ ಸಾಲು. ಹುಟ್ಟು ಮೇಲೆದ್ದು ಗಾಳಿಯಲ್ಲಿ ಹಿಂದಕ್ಕೆ ಹೋಗುವಾಗ ಹಾಡು ನಿಲ್ಲಬೇಕು, ಉಸಿರು ಒಳಗೆ ಹೋಗಬೇಕು. ಆ ಖಾಲಿ ಜಾಗದಲ್ಲಿ ಯಾರಾದರೂ ಬಾಯಿ ಹಾಕಿದರೆ ಕ್ಯಾಲಮ್ ಮುಖ ಸಿಟ್ಟಿನಿಂದ ಕೆಂಪಾಗುತ್ತಿತ್ತು. ಆ ಚಳಿಗಾಲದಲ್ಲೇ ಅವರಿಗೆ ಕೋವಿಡ್ ಬಂದು ಹೋಗಿತ್ತು. ಎರಡು ಚರಣ ಹಾಡಿದರೆ ಎದೆ ಶಿಳ್ಳೆ ಹೊಡೆಯುತ್ತಿತ್ತು.

ನಾನು ಸೇರಿದ ಸುದ್ದಿ ಸೆರಿಟೋಸ್‌ಗೆ ತಲುಪಿ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಇಲ್ಲಿ ದೇವರನಾಮದ ಝೂಮ್ ಗ್ರೂಪ್ ಇದೆ, ಅದಕ್ಕೆ ಸೇರ್ಕೊಳ್ಳಿ. ಈ ವಯಸ್ಸಲ್ಲಿ ದೋಣಿ ಗೀಣಿ ಎಲ್ಲ ಯಾಕೆ? ಅದೂ ಸ್ಕಾಟ್ಲೆಂಡ್ ಅವರ ಹಾಡು!"

"ದೇವರನಾಮ ಕೂತು ಹಾಡುದು ಮಾರಾಯ್ತಿ. ನನಗೆ ಈಗ ಎಂತಾದ್ರೂ ಎಳೀಬೇಕು" ಅಂದೆ.

ಮಾರ್ಚ್ ಹೊತ್ತಿಗೆ ಊರಿಗೆಲ್ಲ ಶಾಂಟಿಯ ಜ್ವರ ಬಂದಿತ್ತು. ಮನೆಯೊಳಗೆ ಕೂತು ಬೇಸತ್ತ ಜನ ಫೋನಿನಲ್ಲಿ ಹಡಗಿನ ಹಾಡು ಹಾಡಿ ಹಾಡಿ ಹಾಕುತ್ತಿದ್ದರು. ಎಲ್ಲ ಒಂದೇ ತರಹ: ಟೇಬಲ್ ಗುದ್ದುವುದು, ಕಾಲು ಅಪ್ಪಳಿಸುವುದು, ಮದುವೆ ದಿಬ್ಬಣದವರ ಹಾಗೆ ಓಡುವ ಹಾಡು. ಆ ಜ್ವರದ ಜೊತೆ ನಮ್ಮ ಗುಂಪಿಗೆ ಬಂದವನು ನಿಖಿಲ್. ಮೂವತ್ತೆರಡರ ಹುಡುಗ, ಕಾರ್ಮೆಲ್ ವ್ಯಾಲಿಯಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ಜಯನಗರದ ಕನ್ನಡ. ಒಳ್ಳೆಯ ಗಂಟಲು, ಒಳ್ಳೆಯ ಗಿಟಾರು. ಅವನ ಬಗ್ಗೆ ಸುಳ್ಳು ಹೇಳಬಾರದು: ದೋಣಿಯ ತಳ ಸೋರುತ್ತಿದ್ದಾಗ ಅಂಗಾತ ಮಲಗಿ ಅದರ ಸಂದು ತುಂಬಿದವನು ಅವನೇ. ಅವನು ಹಾಕಿದ ಮೊದಲ ವಿಡಿಯೋ ನೋಡಿ ಎಂಟು ಜನರಿದ್ದ ಗುಂಪು ಮೂವತ್ತಾಯಿತು. ಯಾರೂ ಮತ ಹಾಕದಿದ್ದರೂ ಏಪ್ರಿಲ್ ಹೊತ್ತಿಗೆ ಅವನೇ ಡೈರೆಕ್ಟರ್ ಆಗಿದ್ದ.

ಒಂದು ದಿನ ಫೋನಿನಲ್ಲಿ ಟಿಕ್ ಟಿಕ್ ಅನ್ನುವ ಆ್ಯಪ್ ತೆರೆದು ದಂಡೆಯ ಕಲ್ಲಿನ ಮೇಲೆ ಇಟ್ಟ.

"ಆಂಟಿ, ನಾವು ಹಾಡೋ ಇಯೊರಮ್ ತುಂಬಾ ಸ್ಲೋ. ನಿಮಿಷಕ್ಕೆ ನೂರಾ ಹನ್ನೆರಡು ಬೀಟ್ಸ್‌ಗೆ ತರೋಣ. ಆ ಮಧ್ಯದಲ್ಲಿ ಖಾಲಿ ಬರುತ್ತಲ್ಲ, ಅಲ್ಲಿ ಎರಡು ಚಪ್ಪಾಳೆ ಹಾಕೋಣ. ಇಲ್ಲ ಅಂದ್ರೆ ಜನ ಮೂರು ಸೆಕೆಂಡಲ್ಲಿ ಸ್ಕ್ರೋಲ್ ಮಾಡ್ಬಿಡ್ತಾರೆ."

"ಮಾಡಲಿ ಮಾರಾಯ. ದೋಣಿ ಎಂತ ಫೋನಿನ ಒಳಗೆ ಉಂಟಾ? ಚಪ್ಪಾಳೆ ಹೊಡೀಲಿಕ್ಕೆ ಹುಟ್ಟು ಯಾರು ಹಿಡಿಯೂದು, ನಿನ್ನ ಅಜ್ಜಿಯಾ?"

ಅವನು ನಕ್ಕ. ಕೋಪವೇ ಬರುವುದಿಲ್ಲ ಆ ಹುಡುಗನಿಗೆ, ಅದೇ ನನ್ನ ಕೋಪ. ಮರುದಿನ ಅವನ ವೇಗಕ್ಕೆ ಹಾಡಿಕೊಂಡು ದೋಣಿ ಇಳಿಸಿದೆವು. ಹತ್ತನೆಯ ಎಳೆತಕ್ಕೆ ಮೂರು ಹುಟ್ಟು ಒಂದಕ್ಕೊಂದು ಬಡಿದವು. ಒಂದು ನೀರಿನಲ್ಲಿ ಸಿಕ್ಕಿಕೊಂಡು ಅದರ ಹಿಡಿಕೆ ನನ್ನ ಪಕ್ಕೆಗೆ ಗುದ್ದಿತು. ಇಲ್ಲಿಯವರು ಅದಕ್ಕೆ ಏಡಿ ಹಿಡಿಯುವುದು ಎನ್ನುತ್ತಾರೆ. ನಮ್ಮ ಊರಲ್ಲಿ ಏಡಿ ಹಿಡಿದರೆ ಸಂಜೆಗೆ ಸಾರಾದರೂ ಆಗುತ್ತಿತ್ತು. ನಿಖಿಲ್ ಮಾತ್ರ, "ಪ್ರಾಕ್ಟೀಸ್ ಆದ್ರೆ ಸರಿಹೋಗತ್ತೆ" ಅಂದ.

ನಾನು ಕ್ಯಾಲಮ್ ಬಳಿ ದೂರು ಒಯ್ದೆ. ಮೇ ತಿಂಗಳು, ಕಡಲ ಮೋಡ ನೆಲಕ್ಕೇ ಇಳಿದು ಕೂತ ಬೆಳಿಗ್ಗೆ. ಎದುರಿನ ದಂಡೆ ಕಾಣುತ್ತಿರಲಿಲ್ಲ. ಅವರು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಸಂಪ್ರದಾಯ ಎಂದರೆ ನಿಧಾನ, ನನ್ನ ದೊಡ್ಡಪ್ಪ ನಿಧಾನ ಹಾಡುತ್ತಿದ್ದರು, ನೀವು ನಿಧಾನ ಹಾಡುತ್ತೀರಿ, ಈ ಹುಡುಗನಿಗೆ ನೀವೇ ಹೇಳಬೇಕು ಎಂದು ದೊಡ್ಡ ಭಾಷಣ ಬಿಗಿದೆ. ಅವರು ಕೆಮ್ಮುತ್ತ ಕೆಮ್ಮುತ್ತ ನಕ್ಕರು.

"ನಿಧಾನ ಅಂತ ಯಾರು ಹೇಳಿದ್ದು? ಗಾಳಿ ಬೆನ್ನಿಗಿದ್ದರೆ ನಮ್ಮಪ್ಪ ಇದೇ ಹಾಡನ್ನು ನಿಖಿಲ್‌ಗಿಂತ ಜೋರಾಗಿ ಓಡಿಸುತ್ತಿದ್ದ" ಅಂದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ, ದ್ವೀಪದವರ ಎಳೆದ ರಾಗದಲ್ಲಿ. "ನಿಮ್ಮ ದೊಡ್ಡಪ್ಪ ಕೂಗು ಹಾಕುವಾಗ ಎಲ್ಲಿ ನೋಡುತ್ತಿದ್ದರು?"

"ಬಲೆಯನ್ನು" ಅನ್ನಲು ಹೋದೆ. ಆದರೆ ದೊಡ್ಡಪ್ಪ ಬಲೆಯನ್ನು ನೋಡುತ್ತಿರಲಿಲ್ಲ. ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅವರ ಕಣ್ಣು ಹಗ್ಗದ ಬಾಲದಲ್ಲಿ ಇರುತ್ತಿತ್ತು, ಅಲ್ಲಿ ಎಳೆಯುತ್ತಿದ್ದ ಮುದುಕಿಯರು, ಬಸುರಿಯರು, ಜ್ವರ ಬಿಟ್ಟು ಎದ್ದವರ ಮೇಲೆ. ಅವರೆಲ್ಲರ ಕಾಲು ಮರಳಿನಲ್ಲಿ ಊರಿದ ಮೇಲೆಯೇ ಮುಂದಿನ ಕೂಗು. ಅದನ್ನು ಸಾವಿರ ಸಲ ನೋಡಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ.

"ಕೊನೆಯವರನ್ನು" ಅಂದೆ.

"ಹಾಂ. ನಮ್ಮಲ್ಲೂ ಅಷ್ಟೇ" ಅಂದು ಅವರು ಫ್ಲಾಸ್ಕಿನ ಮುಚ್ಚಳ ಹಾಕಿದರು.

ಇಷ್ಟು ತಿಳಿದ ಮೇಲೂ ನಾನು ಮಾಡಿದ ಕೆಲಸ ಕೇಳಿ. ಜೂನ್‌ನಲ್ಲಿ ನಮ್ಮ ಗುಂಪಿಗೆ ಸ್ಯಾನ್ ಪೆಡ್ರೋದಿಂದ ಕರೆ ಬಂತು. ಅಕ್ಟೋಬರಿನಲ್ಲಿ ಬಂದರಿನ ಹಬ್ಬ, ದೋಣಿ ನೀರಿನಲ್ಲಿ ತೇಲುವ ಗುರುತಿನ ಬುರುಡೆ, ಅಂದರೆ ಬೋಯ್‌ನಿಂದ ಕಟ್ಟೆಯವರೆಗೆ ಹಾಡಿಕೊಂಡು ಬರಬೇಕು, ನಾಲ್ಕು ನಿಮಿಷದ ಕಾರ್ಯಕ್ರಮ. ಮರುದಿನವೇ ನಿಖಿಲ್ ಮನೆಗೆ ಬಂದ. ನಾನು ಕಾಫಿ ಕೊಟ್ಟೆ, ಕೋಡುಬಳೆ ಇಟ್ಟೆ.

"ಆಂಟಿ, ನಿಮ್ಮ ಹತ್ರ ಓಪನ್ನಾಗಿ ಮಾತಾಡ್ತೀನಿ. ಕ್ಯಾಲಮ್‌ಗೆ ಬ್ರೆತ್ ಸಾಲಲ್ಲ. ಸ್ಟೇಜಲ್ಲಿ ಅವರು ಕೆಮ್ಮೋಕೆ ಶುರು ಮಾಡಿದ್ರೆ ಮುಗೀತು. ನೀವು ಲೀಡ್ ಮಾಡಿ. ನಿಮ್ಮ ವಾಯ್ಸ್ ಕೇಳಿದ್ರೆ ಹತ್ತು ಮೈಲಿ ದೂರ ಇರೋರು ತಿರುಗಿ ನೋಡ್ತಾರೆ."

"ಕ್ಯಾಲಮ್?"

"ಅವರಿಗೆ ಕಟ್ಟೆ ಮೇಲೆ ಒಂದು ಕುರ್ಚಿ ಹಾಕಿ ಸನ್ಮಾನ ಮಾಡೋಣ. ಶಾಲು ಗೀಲು ಹಾಕೋಣ, ನಮ್ಮ ಸ್ಟೈಲಲ್ಲಿ."

ನಾನು ಒಪ್ಪಿಕೊಂಡೆ. ಯಾಕೆ ಮುಚ್ಚಿಡಲಿ? ಖುಷಿಯಾಯಿತು. ಮೂವತ್ತು ವರ್ಷ ಲ್ಯಾಬಿನಲ್ಲಿ ಹೆಸರಿಲ್ಲದ ಟ್ಯೂಬುಗಳನ್ನು ತಿರುಗಿಸಿದವಳಿಗೆ ಒಂದು ದೋಣಿಯ ಮುಂದೆ ನಿಂತು ಹಾಡು ಅಂದರೆ ಯಾರಿಗೆ ಬೇಡ? ನೂರಾ ಹನ್ನೆರಡರ ವೇಗಕ್ಕೂ ತಲೆಯಾಡಿಸಿದೆ. ಅವನು ಹೋದ ಮೇಲೆ ಸುರೇಶ್ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದರು.

"ಕ್ಯಾಲಮ್‌ಗೆ ಯಾರು ಹೇಳ್ತಾರೆ?"

"ನಿಖಿಲ್ ಹೇಳ್ತಾನಲ್ವಾ?"

"ನಿನಗೆ ಮೇಷ್ಟ್ರು ಅವರು. ಅವನಿಗಲ್ಲ."

"ನೀವು ಸುಮ್ನಿರಿ, ನಿಮಗೆ ಎಂತ ಗೊತ್ತು ದೋಣಿ ವಿಷಯ" ಎಂದು ಬಾಯಿ ಮುಚ್ಚಿಸಿದೆ.

ಹೇಳಲು ನನಗೆ ಧೈರ್ಯ ಬರಲಿಲ್ಲ. ಇವತ್ತು ನಾಳೆ ಅನ್ನುವಷ್ಟರಲ್ಲಿ ನಿಖಿಲ್ ಎಲ್ಲರಿಗೂ ಒಂದು ಇಮೇಲ್ ಹಾಕಿಬಿಟ್ಟ, ಯಾರು ಎಲ್ಲಿ ಕೂರಬೇಕು, ಯಾವ ಬಣ್ಣದ ಅಂಗಿ ಅಂತೆಲ್ಲ. ಕ್ಯಾಲಮ್ ಹೆಸರಿನ ಮುಂದೆ 'ಗೌರವ ಅತಿಥಿ' ಎಂದಿತ್ತು. ಮುಂದಿನ ಪ್ರಾಕ್ಟೀಸಿಗೆ ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದು ದೋಣಿಯ ಮೂತಿಯ ಕಡೆಯ ಆರನೆಯ ಹಲಗೆಯ ಮೇಲೆ ಕೂತಿದ್ದರು. ಕೈಯಲ್ಲಿ ಹುಟ್ಟು.

"ಹಾಡಲು ಎದೆ ಇಲ್ಲ, ಸರಿ. ಎಳೆಯಲು ತೋಳಿದೆ. ಕುರ್ಚಿಯಲ್ಲಿ ಕೂರಲು ನಾನೇನು ಸತ್ತಿಲ್ಲ" ಅಂದರು. ನನ್ನ ಕಡೆ ನೋಡಲಿಲ್ಲ.

ನಿಖಿಲ್ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕನ್ನಡದಲ್ಲಿ ಹೇಳಿದ. "ಕೂತ್ಕೊಳ್ಳಲಿ ಆಂಟಿ, ನಾನು ಬೇಡ ಅನ್ನಲ್ಲ. ಆದ್ರೆ ಶೋ ದಿನ ಅವರಿಗೆ ಕೀಪ್ ಅಪ್ ಮಾಡೋಕೆ ಆಗ್ಲಿಲ್ಲ ಅಂದ್ರೆ ಆಮೇಲೆ ದೋಣಿಯಿಂದಾನೂ ಡ್ರಾಪ್ ಮಾಡ್ಬೇಕಾಗತ್ತೆ. ಸೇಫ್ಟಿ ವಿಷಯ."

ಅಂದರೆ ವಿಷಯ ಇಷ್ಟಕ್ಕೆ ಬಂದು ನಿಂತಿತು. ನಾನು ಹಾಡುವ ವೇಗಕ್ಕೆ ಅವರ ಹುಟ್ಟು ತಪ್ಪಿದರೆ, ಆ ಮನುಷ್ಯನಿಗೆ ಉಳಿದಿದ್ದ ಒಂದೇ ಜಾಗವೂ ಹೋಗುತ್ತದೆ. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದವರು. ಕೋವಿಡ್‌ನಲ್ಲಿ ಆರು ವಾರ ಯಾರ ಮುಖವನ್ನೂ ಕಾಣದೆ ಮಲಗಿದ್ದವರು. ವಾರದಲ್ಲಿ ಎರಡು ಬೆಳಿಗ್ಗೆ ಈ ದೋಣಿ, ಮಿಕ್ಕ ಐದು ದಿನ ಟಿ.ವಿ.

ಜುಲೈ, ಆಗಸ್ಟ್, ಸೆಪ್ಟೆಂಬರ್ ಆ ಚಪ್ಪಾಳೆಯ ವೇಗಕ್ಕೇ ಅಭ್ಯಾಸ ನಡೆಯಿತು. ಪ್ರತಿ ಸಲವೂ ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಒಂದು ಸಣ್ಣ ಗುಂಡಿ ಸಿಕ್ಕಿಸಿಕೊಂಡು ನಾನು ಹಾಡಿದೆ. ಸಾಮಾನ್ಯ ದಿನಗಳಲ್ಲಿ ಕ್ಯಾಲಮ್ ಹೇಗೋ ಸುಧಾರಿಸುತ್ತಿದ್ದರು. ದಡಕ್ಕೆ ಬಂದ ಮೇಲೆ ಬೆನ್ನು ತಿರುಗಿಸಿ ನಿಂತು ಎದೆ ಹಿಡಿದುಕೊಳ್ಳುತ್ತಿದ್ದರು. ನಾನು ಕಂಡರೂ ಕಾಣದ ಹಾಗೆ ಇದ್ದೆ. ಮೊದಲಿನಂತೆ ಚಹಾಕ್ಕೆ ಕರೆಯುತ್ತಿರಲಿಲ್ಲ ಅವರು. ಕೇಳುವ ಮುಖ ನನಗೂ ಇರಲಿಲ್ಲ.

ಅಕ್ಟೋಬರಿನ ಆ ಶನಿವಾರ ಸ್ಯಾನ್ ಪೆಡ್ರೋದಲ್ಲಿ ಮರುಭೂಮಿಯ ಬಿಸಿಗಾಳಿ ಎದ್ದಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶರತ್ಕಾಲ ಅಂದರೆ ಇದೇ: ಬೆಟ್ಟದ ಕಡೆಯಿಂದ ಒಲೆಯ ಬಾಯಿ ತೆರೆದ ಹಾಗೆ ಗಾಳಿ, ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ. ಗಾಳಿ ದಡದಿಂದ ಕಡಲಿಗೆ ಬೀಸುತ್ತಿತ್ತು, ಅಂದರೆ ನಾವು ಅದಕ್ಕೆ ಎದುರಾಗಿ ಬರಬೇಕು. ಕಟ್ಟೆಯ ಮೇಲೆ ನೂರಾರು ಜನ, ತಿಂಡಿ ಗಾಡಿಗಳು, ಎರಡು ದೊಡ್ಡ ಸ್ಪೀಕರ್. ನಿಖಿಲ್ ಅಲ್ಲಿ ನಿಂತು ಡ್ರಮ್ಮಿನ ಟ್ರ್ಯಾಕ್ ಹಾಕುವವನಿದ್ದ. ನನ್ನ ಕುತ್ತಿಗೆಗೆ ಮೈಕು, ಕಿವಿಗೆ ಗುಂಡಿ. ಸುರೇಶ್ ಮೀನಂಗಡಿಯ ವಾಸನೆಗೆ ಕರ್ಚೀಫು ಹಿಡಿದುಕೊಂಡೇ ಕೈ ಬೀಸಿದರು.

ಚುಕ್ಕಾಣಿ ಹಿಡಿದು ಹಾಡುವವರು ದೋಣಿಯ ಹಿಂಭಾಗದಲ್ಲಿ, ಹುಟ್ಟು ಹಾಕುವವರಿಗೆ ಎದುರಾಗಿ ಕೂರುತ್ತಾರೆ. ಆರೂ ಮುಖಗಳು ನನ್ನ ಮುಂದೆಯೇ. ಎಲ್ಲಕ್ಕಿಂತ ದೂರದಲ್ಲಿ ಕ್ಯಾಲಮ್. ಬೋಯ್ ಹತ್ತಿರ ದೋಣಿ ತಿರುಗಿಸಿದೆವು, ಕಿವಿಯಲ್ಲಿ ಟಿಕ್ ಟಿಕ್ ಶುರುವಾಯಿತು, ನಾನು ಮೊದಲ ಸಾಲು ಎತ್ತಿದೆ.

ಮೊದಲ ಚರಣ ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಗಾಳಿ ಮುಖಕ್ಕೆ ಹೊಡೆದು ಹುಟ್ಟುಗಳು ಭಾರವಾದವು. ನನ್ನ ಹತ್ತಿರದ ಐವರು ಹಲ್ಲು ಕಚ್ಚಿ ಹಿಡಿದರು. ಅವರ ತಲೆಗಳ ಆಚೆ ಕ್ಯಾಲಮ್ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರ ಹುಟ್ಟು ನೀರಿನಿಂದ ಏಳುವ ಮೊದಲೇ ನಾನು ಮುಂದಿನ ಸಾಲಿಗೆ ಬಂದಿರುತ್ತಿದ್ದೆ. ಒಮ್ಮೆ ತಪ್ಪಿತು. ಮತ್ತೊಮ್ಮೆ ತಪ್ಪಿ ಹಿಡಿಕೆ ಅವರ ಎದೆಗೆ ತಾಗಿತು. ಅವರು ನನ್ನನ್ನು ನೋಡಿದರು, ಜೂನ್‌ನಿಂದೀಚೆಗೆ ಮೊದಲ ಸಲ. ಬೇಡಿಕೊಳ್ಳುವ ನೋಟವಲ್ಲ ಅದು. ಏನು ಮಾಡುತ್ತೀಯ ನೋಡೋಣ ಅನ್ನುವ ನೋಟ.

ಥೂ ನಿನ್ನ ಜನ್ಮಕ್ಕೆ ಅಂತ ನನಗೆ ನಾನೇ ಬೈದುಕೊಂಡೆ. ಕಿವಿಯ ಗುಂಡಿಯನ್ನು ಕಿತ್ತು, ನೀರು ಎತ್ತಿ ಹಾಕುವ ಬಕೆಟ್ಟಿಗೆ ಎಸೆದೆ. ಹಾಡು ನಿಲ್ಲಿಸಿದೆ. ಆರೂ ಜನ ಕಂಗಾಲಾಗಿ ನೋಡಿದರು. ಸ್ಪೀಕರಿನಲ್ಲಿ ಡ್ರಮ್ಮು ಮಾತ್ರ ತನ್ನ ಪಾಡಿಗೆ ಡಬಡಬ ಬಡಿಯುತ್ತಿತ್ತು. ನಾನು ಕ್ಯಾಲಮ್ ಹುಟ್ಟನ್ನೇ ನೋಡಿದೆ. ಅದು ಮೇಲೆದ್ದಿತು, ನಡುಗುತ್ತ ಹಿಂದಕ್ಕೆ ಹೋಯಿತು, ಅವರ ಪಕ್ಕೆ ಉಬ್ಬಿ ಗಾಳಿ ಒಳಗೆ ಹೋಯಿತು, ಹುಟ್ಟಿನ ಎಲೆ ನೀರು ಮುಟ್ಟಿತು.

"ಐಸಾ!" ಅಂದೆ. ಬಾಯಿಗೆ ಬಂದದ್ದೇ ಅದು.

ಆರು ಹುಟ್ಟು ಒಟ್ಟಿಗೆ ಎಳೆದವು. ಮತ್ತೆ ಕಾದೆ. ಅವರ ಉಸಿರು ಆಗುವವರೆಗೂ ಕಾದೆ. ಮತ್ತೆ "ಐಸಾ." ನಾಲ್ಕು ಎಳೆತ ಹೀಗೆ ಆದ ಮೇಲೆ ಆ ನಡೆಗೇ ಇಯೊರಮ್ ಸಾಲು ಹಾಕಿದೆ. ಡ್ರಮ್ಮು ನಮ್ಮ ಹಾಡಿನ ಮೇಲೆ ಬಿದ್ದು ಒದ್ದಾಡುತ್ತಿತ್ತು. ನಾನು ಅದಕ್ಕಿಂತ ಜೋರಾಗಿ ಹಾಡಿದೆ. ಕಟ್ಟೆಯಲ್ಲಿ ನಿಖಿಲ್ ಎರಡು ಕೈ ಎತ್ತಿ ಬೇಗ ಬೇಗ ಅಂತ ತಿರುಗಿಸುತ್ತಿದ್ದ. ಅವನ ಪಕ್ಕ ಹಬ್ಬದ ಮೇಲ್ವಿಚಾರಕಿ ಗಡಿಯಾರ ತೋರಿಸುತ್ತಿದ್ದಳು. ಕುಣಿಯಲು ಬಂದಿದ್ದ ಜನ ಸ್ವಲ್ಪ ಹೊತ್ತು ನೋಡಿ ತಿಂಡಿ ಗಾಡಿಯ ಕಡೆ ಚದುರತೊಡಗಿದರು. ಯಾರೋ ಶಿಳ್ಳೆ ಹಾಕಿ "ಫಾಸ್ಟರ್" ಎಂದು ಕೂಗಿದ. ಹೋಗೋ, ನೀನು ಬಂದು ಹುಟ್ಟು ಹಿಡಿ ನೋಡೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದು ಮೈಕಿನಲ್ಲೂ ಕೇಳಿಸಿತಂತೆ, ಅಚ್ಚ ಕನ್ನಡದಲ್ಲಿ. ಸುರೇಶ್ ಆಮೇಲೆ ಹೇಳಿದರು. ಕೊನೆಗೆ ಯಾರೋ ಡ್ರಮ್ಮು ನಿಲ್ಲಿಸಿದರು. ಆಮೇಲೆ ಹುಟ್ಟು ನೀರಿಗೆ ಬೀಳುವ ಸದ್ದು, ನಮ್ಮ ಸಾಲು, ಅದರ ನಡುವೆ ಕ್ಯಾಲಮ್ ಎದೆಯ ಶಿಳ್ಳೆ. ಕಟ್ಟೆಯ ಅಂಚಿನಲ್ಲಿ ಮೀನಿನ ದೋಣಿಯವರು ಕೆಲವರು ಮಾತ್ರ ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು.

ದೋಣಿ ಕಟ್ಟೆ ಮುಟ್ಟಿದಾಗ ಹನ್ನೊಂದು ನಿಮಿಷವಾಗಿತ್ತು. ಚಪ್ಪಾಳೆ ಎಷ್ಟು ಬಂತೆಂದರೆ, ಸುರೇಶ್ ಒಬ್ಬರೇ ಹೊಡೆದದ್ದು ಬೇರೆಯಾಗಿ ಕೇಳಿಸಿತು.

ಮೆಟ್ಟಿಲು ಹತ್ತುವ ಮೊದಲೇ ನಿಖಿಲ್ ಇಳಿದು ಬಂದ. ಅವನಿಗೆ ಕೋಪ ಬಂದದ್ದನ್ನು ಅವತ್ತು ನೋಡಿದೆ.

"ಏನ್ ಆಂಟಿ ಇದು? ನಾಲ್ಕು ನಿಮಿಷದ ಸ್ಲಾಟ್! ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ್ದು ಏನಕ್ಕೆ? ನಮ್ಮ ಆಮೇಲಿನ ಬ್ಯಾಂಡ್‌ನೋರು ಕಾಯ್ತಾ ಇದಾರೆ. ಇನ್ನು ಇವರು ನಮ್ಮನ್ನ ಕರೆಯಲ್ಲ!"

"ಬೇಡ."

"ನಿಮಗೆ ಬೇಡ. ಗುಂಪಿಗೆ? ಜನ ಬರ್ದಿದ್ರೆ ದೋಣಿ ನಿಲ್ಲಿಸೋಕೆ ಜಾಗಾನೂ ಇರಲ್ಲ. ಒಬ್ಬರಿಗೋಸ್ಕರ ಮೂವತ್ತು ಜನದ್ದು ಹಾಳು ಮಾಡಿದ್ರಿ."

ಅವನ ಮಾತಿನಲ್ಲಿ ಹುರುಳಿತ್ತು, ಇವತ್ತಿಗೂ ಒಪ್ಪುತ್ತೇನೆ. ಆದರೆ ನನಗೆ ಆಗ ಹೆದರಿಕೆ ಹೋಗಿತ್ತು. "ಕೇಳು ಮಾರಾಯ" ಅಂದೆ. "ಆರು ಜನ ಹುಟ್ಟು ಹಿಡಿದು ಹೊರಟದ್ದು. ಆರು ಜನವೂ ಹುಟ್ಟು ಹಿಡಿದೇ ಬಂದಿದ್ದಾರೆ. ದೋಣಿ ಹಾಡು ಇರೂದು ಅದಕ್ಕೆ. ಬೇರೆ ಹಾಡು ಬೇಕಾದ್ರೆ ಬೇರೆ ಸಾವಿರ ಉಂಟು, ಹಾಡು. ನಾನೂ ಬಂದು ಚಪ್ಪಾಳೆ ಹೊಡೀತೇನೆ. ಇವರನ್ನು ದೋಣಿಯಿಂದ ಇಳಿಸುದಾದ್ರೆ ಮೊದಲು ನನ್ನನ್ನು ಇಳಿಸು."

ಅವನು ಸ್ಪೀಕರಿನ ತಂತಿ ಸುತ್ತಲು ಹೋದ. ನಾನು ಕ್ಯಾಲಮ್ ಕೂತಿದ್ದ ಮೆಟ್ಟಿಲಿಗೆ ಹೋಗಿ ಪಕ್ಕದಲ್ಲಿ ಕೂತೆ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ನಿಮ್ಮ ಜಾಗ ತಗೊಂಡದ್ದು ತಪ್ಪಾಯಿತು, ನಿಮಗೆ ನಾನೇ ಹೇಳಬೇಕಿತ್ತು ಎಂದು ಅಂದೆ. ಅನ್ನುವಷ್ಟರಲ್ಲಿ ಅಳು ಬಂತು. ಆ ಬಿಸಿಗಾಳಿಯಲ್ಲಿ ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಆರಿತು.

"ಹೌದು, ತಪ್ಪೇ" ಅಂದರು ಕ್ಯಾಲಮ್. ಇಲ್ಲ ಬಿಡಿ ಅನ್ನಲಿಲ್ಲ. ಒಮ್ಮೆ ಕೆಮ್ಮಿ, "ಕೊನೆಯ ಚರಣದಲ್ಲಿ ಕಟ್ಟೆ ಕಂಡ ಕೂಡಲೇ ಓಡಿಸಿದಿರಿ. ಅದೂ ತಪ್ಪು. ಬುಧವಾರ ಬನ್ನಿ, ಸರಿ ಮಾಡೋಣ" ಅಂದರು.

ಆ ಕಾರ್ಯಕ್ರಮದ ವಿಡಿಯೋವನ್ನು ನಿಖಿಲ್ ಮುಂದಿನ ವಾರ ಹಾಕಿದ. ಏನು ಮಾಡಿದ್ದ ಗೊತ್ತೇ? ಇಡೀ ಹಾಡನ್ನು ಓಡಿಸಿ ಕುಗ್ಗಿಸಿ ನೂರಾ ಹನ್ನೆರಡಕ್ಕೆ ತಂದಿದ್ದ. ನಾವು ಏಳೂ ಜನ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಟಪಟಪ ಹುಟ್ಟು ಹಾಕುತ್ತ, ಇಲಿಮರಿಗಳ ಗಂಟಲಲ್ಲಿ ಹಾಡುತ್ತ ಕಟ್ಟೆಗೆ ಬಂದುಬಿಡುತ್ತೇವೆ. ತೆಗಿ ಅಂದೆ, ತೆಗೆಯಲಿಲ್ಲ. ಲಕ್ಷಾಂತರ ಜನ ನೋಡಿದರಂತೆ. ದೇವಸ್ಥಾನದಲ್ಲಿ, ಕನ್ನಡದವರ ಯುಗಾದಿ ಊಟದಲ್ಲಿ, ಎಲ್ಲಿ ಹೋದರೂ "ಆಂಟಿ, ನಿಮ್ಮ ವಿಡಿಯೋ ಸೂಪರ್" ಅನ್ನುವವರೇ. ಪ್ರತಿಯೊಬ್ಬರಿಗೂ ನಿಂತು ಹೇಳುತ್ತೇನೆ, ಅದು ನಮ್ಮ ವೇಗ ಅಲ್ಲ, ಬುಧವಾರ ಬೆಳಿಗ್ಗೆ ಮಿಷನ್ ಬೇಗೆ ಬನ್ನಿ, ತೋರಿಸುತ್ತೇನೆ. ಸುರೇಶ್ ನನ್ನ ಸೆರಗು ಎಳೆಯುತ್ತಾರೆ. "ಕಾಲಕ್ಕೆ ತಕ್ಕ ಕೋಲ ಜಲಜ, ಬಿಟ್ಟುಬಿಡು" ಅನ್ನುತ್ತಾರೆ. ಬಿಡುವುದಿಲ್ಲ.

ಗುಂಪು ಒಡೆಯಿತು. ನಿಖಿಲ್ ಜೊತೆ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅವರು ಚೆನ್ನಾಗಿ ಹಾಡುತ್ತಾರೆ, ಸ್ಟೇಜಿನ ಮೇಲೆ, ಒಣ ನೆಲದಲ್ಲಿ. ಕರೆದಾಗ ಹೋಗಿ ಚಪ್ಪಾಳೆ ಹೊಡೆದು ಬಂದಿದ್ದೇನೆ, ಆಡಿದ ಮಾತು ಆಡಿದ್ದೇ. ನಮ್ಮ ಪಾಲಿಗೆ ಹಳೆಯ ದೋಣಿ ಮತ್ತು ಎಂಟು ಜನ ಉಳಿದೆವು. ಜಾಗದ ತಾಪತ್ರಯ ನಿಖಿಲ್ ಹೇಳಿದ ಹಾಗೆಯೇ ಬಂತು. ಈಗ ಒಬ್ಬರ ವ್ಯಾನಿನ ಹಿಂದೆ ದೋಣಿ ಕಟ್ಟಿಕೊಂಡು ಬಂದು, ಕೆಲಸ ಮುಗಿದ ಮೇಲೆ ಕಟ್ಟಿಕೊಂಡು ಹೋಗುತ್ತೇವೆ. ಕ್ಯಾಲಮ್‌ಗೆ ಎಂಬತ್ತು ದಾಟಿತು, ಕಳೆದ ವರ್ಷದಿಂದ ಹುಟ್ಟು ಹಿಡಿಯುವುದಿಲ್ಲ. ದಂಡೆಯಲ್ಲಿ ನಿಂತು ಬೈಯುತ್ತಾರೆ. ಕುರ್ಚಿ ಕೊಟ್ಟರೆ ಇನ್ನೂ ಜಾಸ್ತಿ ಬೈಯುತ್ತಾರೆ.

ಹೋದ ಬುಧವಾರ ಪೊಮೊನಾದಿಂದ ಒಬ್ಬರು ಬಂದಿದ್ದರು, ಮೈಸೂರಿನ ಕಡೆಯವರು, ಅಲ್ಲಿಯ ಯೂನಿವರ್ಸಿಟಿಯಲ್ಲಿ ಪಾಠ ಮಾಡಿ ರಿಟೈರ್ ಆದವರು. ಸ್ಟ್ರೋಕ್ ಆಗಿ ಎಡಗೈ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ವಿಡಿಯೋ ನೋಡಿ ಆಸೆಯಾಯಿತಂತೆ. ದೋಣಿ ನೋಡಿ ಹಿಂಜರಿದರು. "ನೀವೆಲ್ಲ ಅಷ್ಟು ಫಾಸ್ಟ್ ಹೋಗ್ತೀರಿ. ನಾನು ಬಂದ್ರೆ ಎಲ್ರಿಗೂ ಲೇಟ್ ಆಗತ್ತೆ, ಇಲ್ಲೇ ನಿಂತು ನೋಡ್ತೀನಿ" ಅಂದರು.

"ನೋಡಲಿಕ್ಕೆ ಎಂತ ಉಂಟು ಇಲ್ಲಿ? ಹತ್ತಿ" ಅಂದೆ. ಆರನೆಯ ಹಲಗೆಯಲ್ಲಿ ಕೂರಿಸಿ ಹುಟ್ಟು ಕೊಟ್ಟೆ. ದೋಣಿ ಹೊರಟಿತು. ಓಡುತ್ತ ಹೋಗುತ್ತಿದ್ದ ಇಬ್ಬರು ನಿಂತು ಫೋನ್ ಎತ್ತಿ ಸ್ವಲ್ಪ ಹೊತ್ತು ನೋಡಿದರು, ಫೋನ್ ಜೇಬಿಗೆ ಹಾಕಿ ಹೋದರು. ನಾನು ಆ ಎಡಗೈಯನ್ನೇ ನೋಡುತ್ತ ಹಾಡಿದೆ. ಬೋಯ್ ಸುತ್ತಿ ದಂಡೆಗೆ ಬರಲು ಹಾಡಿಗೆ ಹದಿನಾಲ್ಕು ನಿಮಿಷ ಹಿಡಿಯಿತು. ಹಿಡಿಯಲಿ, ಯಾರಪ್ಪನ ಗಂಟು ಹೋಗುತ್ತದೆ?